ಕಾರಿನ ಸೀಟು ಮುಷ್ಕರ ಹೂಡಿದಾಗ

ಮೊನ್ನೆ ನವುಲೆಯ ನಮ್ಮ ಮನೆಯಿಂದ ಮಗಳನ್ನು ಟ್ಯೂಷನ್‌ಗೆ ಬಿಡೋಕೆ ಹೊರಟೆ. ಹಿಂದಿನ ರಾತ್ರಿ ಭದ್ರಾವತಿಗೆ ಹೋಗಿ ಬಂದಿದ್ದ ನಮ್ಮ ಮನೆಯವರು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದ್ದರು. ಗುಂಡಿ ಒತ್ತಿದೆ, ಸೀಟು ಮಿಸುಕಲಿಲ್ಲ. ನನ್ನ ಕಾಲಿಗೆ ಬ್ರೇಕೇ ಎಟುಕದು! ಬೆನ್ನಿಗೆ ದಿಂಬು ಕೊಟ್ಟು ಓಡಿಸಿಬಿಡೋಣ ಅನ್ನಿಸಿದ್ದು ನಿಜ. ಆದರೆ ಬ್ರೇಕ್ ಪೂರ್ತಿ ತುಳಿಯಲಾಗದೆ ಗಾಡಿ ತೆಗೆಯಬಾರದು. ಆಟೋ ಹಿಡಿದೆವು.

ಮಧ್ಯಾಹ್ನ ಪರೀಕ್ಷೆಗೆ ಕೂತೆ. ಗುಂಡಿ ಒತ್ತಿ ಕಿವಿಗೊಡಿ. ಗುಂಯ್ ಅಂತ ಸದ್ದು ಬಂದೂ ಸೀಟು ಸರಿಯದಿದ್ದರೆ ಹಳಿಯಲ್ಲಿ ಏನೋ ಸಿಕ್ಕಿರಬೇಕು, ಇಲ್ಲವೇ ಗಿಯರ್ ಸವೆದಿರಬೇಕು. ಹಿಂದೆ ಮುಂದೆ ಆಗುತ್ತೆ, ಮೇಲೆ ಕೆಳಗೆ ಆಗಲ್ಲ ಅಂದರೆ ಆ ಗುಂಡಿ ಅಥವಾ ಆ ಒಂದು ಮೋಟಾರಿನ ದೋಷ. ಯಾವ ಕಡೆಗೂ ಸದ್ದೇ ಇಲ್ಲವಾ? ಮೊದಲು ಫ್ಯೂಸ್ ನೋಡಿ.

ನಮ್ಮದು ಹಾಗೇ ಆಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಮಳೆಗಾಲದ ಮಡಚುವ ಛತ್ರಿ ಹಳಿಗೆ ಸಿಕ್ಕಿಕೊಂಡಿದೆ! ಅದನ್ನು ತಳ್ಳಲಾರದೆ ಮೋಟಾರು ಏದುಸಿರು ಬಿಟ್ಟು ಫ್ಯೂಸ್ ಹಾರಿತ್ತು. ಕೀ ಆಫ್ ಮಾಡಿ ಛತ್ರಿ ಎಳೆದೆ. ಕಾರಿನ ಕೈಪಿಡಿಯಲ್ಲಿ ಜಾಗ ಹುಡುಕಿ ಹೊಸ ಫ್ಯೂಸ್ ಹಾಕಿದೆ. ಹಳೆಯದರ ಮೇಲೆ ಎಷ್ಟು ಆಂಪಿಯರ್ ಅಂತಿದೆಯೋ ಅಷ್ಟರದ್ದೇ ಹಾಕಬೇಕು. ದೊಡ್ಡದು ಹಾಕಿದರೆ ವೈರು ಕಾದು ಸುಟ್ಟೀತು. ಮತ್ತೆ ಹಾರಿದರೆ ಮೆಕ್ಯಾನಿಕ್ಕೇ ಗತಿ.

ಇನ್ನೊಂದು ಮಾತು, ಸೀಟಿನ ಕೆಳಗೆ ಹಳದಿ ಬಣ್ಣದ ವೈರಿನ ಜೋಡಣೆ ಕಂಡರೆ ಮುಟ್ಟಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಸಂಜೆ ಮಗಳನ್ನು ಕರೆತರೋಕೆ ಕಾರಲ್ಲೇ ಹೋದೆ. ಛತ್ರಿಯ ಕಡ್ಡಿ ಮಾತ್ರ ನಾಲ್ಕು ಮುರಿದಿದ್ದವು.