ಬೀಸುವಿಕೆ ಮತ್ತು ವಸ್ತುವಿನ ಗುಣಾಂತರ: ಸತುವಿನ ಆಕ್ಸೈಡ್ ಪುಡಿಯನ್ನು ಕುರಿತು

ಬೀಸುವ ಕಲ್ಲನ್ನು ಕುರಿತ ಜಾನಪದ ಅಧ್ಯಯನಗಳು ಬಹುಪಾಲು ಬೀಸುವ ಪದಗಳ ಸಂಗ್ರಹ ಹಾಗೂ ವಿಶ್ಲೇಷಣೆಗೆ ಸೀಮಿತವಾಗಿವೆ. ಬೀಸುವ ಕ್ರಿಯೆಯಲ್ಲಿ ಅಡಗಿರುವ ವಸ್ತುಜ್ಞಾನ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಹೊಸದಾಗಿ ಉಳಿ ಹೊಡೆಸಿದ ಕಲ್ಲಿನಲ್ಲಿ ಮೊದಲು ಬೀಸಿದ ಹಿಟ್ಟನ್ನು ಉಣ್ಣಲು ಬಳಸುವುದಿಲ್ಲ. ಕಲ್ಲಿನ ಮರಳು ಅದರಲ್ಲಿ ಬೆರೆತಿರುತ್ತದೆ. ಸಾಧನವೂ ಸವೆದು ಬೀಸಿದ ವಸ್ತುವಿನ ಭಾಗವಾಗುತ್ತದೆಂಬ ಈ ತಿಳಿವಳಿಕೆ ಆಧುನಿಕ ಕೈಗಾರಿಕೆಗೂ ಸಲ್ಲುವಂಥದು.

ಪೀಣ್ಯದಂತಹ ಕೈಗಾರಿಕಾ ಪ್ರದೇಶಕ್ಕೆ ವಿದ್ಯುತ್ತೇ ಜೀವಾಳ. ಸಿಡಿಲಿನಿಂದ ತಂತಿಯಲ್ಲಿ ಉಕ್ಕುವ ವಿದ್ಯುತ್ತನ್ನು ಭೂಮಿಗಿಳಿಸಿ ಟ್ರಾನ್ಸ್‌ಫಾರ್ಮರನ್ನು ಕಾಯುವ ಸಾಧನವೇ ಅರೆಸ್ಟರ್. 1960ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಸಾಧನಗಳ ಪರೀಕ್ಷೆ ನಡೆಯುತ್ತದೆ. ಅರೆಸ್ಟರಿನ ತಿರುಳು ಸತುವಿನ ಆಕ್ಸೈಡಿನ ಬಿಲ್ಲೆಗಳು. ಸತುವಿನ ಆಕ್ಸೈಡಿಗೆ ಬಿಸ್ಮತ್, ಆಂಟಿಮನಿ ಮೊದಲಾದವುಗಳ ಆಕ್ಸೈಡುಗಳನ್ನು ಬೆರೆಸಿ, ಗುಂಡುಗಳಿರುವ ಗಿರಣಿಯಲ್ಲಿ ಅರೆದು, ಅಚ್ಚೊತ್ತಿ, 1100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಡುತ್ತಾರೆ.

ಅರೆಯುವಿಕೆ ಕಣವನ್ನು ಕಿರಿದಾಗಿಸುವುದಷ್ಟೇ ಅಲ್ಲ. ಗುಂಡಿನ ಹೊಡೆತಕ್ಕೆ ಹರಳಿನೊಳಗಿನ ಪರಮಾಣುಗಳ ಸಾಲು ಜರುಗುತ್ತದೆ. ಕೆಲವೆಡೆ ಆಮ್ಲಜನಕದ ಸ್ಥಾನ ತೆರವಾಗುತ್ತದೆ. ಮೇಲ್ಮೈಯಲ್ಲಿ ಬಂಧಗಳು ಮುರಿದು ಗಾಳಿಯ ಆಮ್ಲಜನಕವನ್ನೂ ತೇವವನ್ನೂ ಹಿಡಿದುಕೊಳ್ಳುತ್ತವೆ. ಈ ದೋಷಗಳಲ್ಲಿ ಕೆಲವು ಎಲೆಕ್ಟ್ರಾನುಗಳನ್ನು ಒದಗಿಸಿದರೆ, ಕೆಲವು ಅವನ್ನು ಸೆರೆಹಿಡಿಯುತ್ತವೆ. ಆದ್ದರಿಂದ ಒಂದೇ ನುಣುಪಿನ ಎರಡು ಪುಡಿಗಳು ವಿದ್ಯುತ್ತಿಗೆ ಒಡ್ಡುವ ತಡೆ ಬೇರೆಬೇರೆಯಾಗಬಹುದು.

ಸುಡುವಾಗ ಈ ದೋಷಗಳಲ್ಲಿ ಹೆಚ್ಚಿನವು ಮಾಯುತ್ತವೆ. ಆದರೆ ಗುಂಡುಗಳಿಂದ ಸವೆದು ಸೇರಿದ ಅನ್ಯವಸ್ತು ಹೋಗುವುದಿಲ್ಲ. ಪುಡಿಯ ಆರಂಭದ ಸ್ಥಿತಿ ಬಿಲ್ಲೆಯ ಕಣಗಳ ಬೆಳವಣಿಗೆಯನ್ನೂ ಪ್ರಭಾವಿಸುತ್ತದೆ. ಬಿಲ್ಲೆಯಲ್ಲಿ ಎರಡು ಕಣಗಳು ಕೂಡುವ ಪ್ರತಿಯೊಂದು ಗಡಿಯೂ ಸುಮಾರು 3 ವೋಲ್ಟ್‌ವರೆಗೆ ವಿದ್ಯುತ್ತನ್ನು ತಡೆದು, ಅದನ್ನು ಮೀರಿದಾಗ ದಾರಿಬಿಡುತ್ತದೆ. ಕಣಗಳು ಏಕರೂಪವಾಗಿಲ್ಲದಿದ್ದರೆ ಪ್ರವಾಹ ಒಂದೆಡೆ ಒಟ್ಟುಗೂಡಿ ಬಿಲ್ಲೆ ಬಿಸಿಯಾಗಿ ಸೀಳಬಹುದು. ಕಾಯಬೇಕಾದ ಸಾಧನವೇ ಆಗ ಅಪಾಯಕ್ಕೆ ಕಾರಣವಾಗುತ್ತದೆ.

ಅರೆಯುವುದನ್ನೂ ಸುಡುವುದನ್ನೂ ಜೋಡಿಸುವ ಕ್ರಮ ನಮ್ಮ ವೈದ್ಯಪರಂಪರೆಗೆ ಹೊಸದಲ್ಲ. ಸತುವಿನಿಂದ ಸಿದ್ಧವಾಗುವ ಯಶದ ಭಸ್ಮದ ಮುಖ್ಯ ಅಂಶ ಸತುವಿನ ಆಕ್ಸೈಡೇ. ಕಲ್ವದಲ್ಲಿ ಲೋಳೆಸರದ ರಸದೊಂದಿಗೆ ಅರೆದು, ಪುಟವಿಟ್ಟು, ಮತ್ತೆ ಅರೆಯುವುದು ಅದರ ವಿಧಾನ. ಭಸ್ಮವು ಬೆರಳಿನ ಗೆರೆಗಳಲ್ಲಿ ತುಂಬಿಕೊಳ್ಳಬೇಕೆಂಬುದು ಅದರ ಒಂದು ಪರೀಕ್ಷೆ. ಇದು ನುಣುಪನ್ನು ತಿಳಿಸುತ್ತದೆ. ಹರಳಿನೊಳಗಿನ ದೋಷವನ್ನು ತಿಳಿಸಲು ಕ್ಷಕಿರಣದಂತಹ ಪರೀಕ್ಷೆ ಬೇಕು. ಎರಡರ ಉದ್ದೇಶ ಬೇರೆಯಾದುದರಿಂದ ಒಂದನ್ನು ಇನ್ನೊಂದರ ಪೂರ್ವರೂಪವೆಂದು ಹೇಳುವುದು ಸಾಧುವಲ್ಲ.

ಆದರೂ ಒಂದು ಮಾತು ಸ್ಪಷ್ಟ. ಬೀಸಿದ ಕಲ್ಲು, ಬೀಸಿದ ಕಾಲ, ಬೀಸಿದ ಬಗೆ ಇವೆಲ್ಲ ಪುಡಿಯ ಗುಣದೊಳಗೆ ಉಳಿಯುತ್ತವೆ. ಬೀಸುವ ಪದಗಳನ್ನು ಸಂಗ್ರಹಿಸುವ ಸಂಶೋಧಕರು ಈ ವಿವರಗಳನ್ನೂ ದಾಖಲಿಸುವುದು ಅಗತ್ಯ.