ಮೊದಲ ಕತ್ತಿ ಕೊಳ್ಳುವ ಮುನ್ನ ಹಿಡಿ ನೋಡಿ

"ಅಣ್ಣಾ, ಆನ್‌ಲೈನಲ್ಲಿ ಕಪ್ಪು ಚಾಕು ಒಂದಿದೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ. ತಗೊಳ್ಳಲಾ?" ಪಕ್ಕದ ತೋಟದ ಹುಡುಗ ಮೊನ್ನೆ ಮೊಬೈಲ್ ತೋರಿಸಿ ಕೇಳಿದ. ಪೇಟೆ ಕೆಲಸ ಬಿಟ್ಟು ಬಂದು ಅಪ್ಪನ ಅಡಿಕೆ ತೋಟ ನೋಡಿಕೊಳ್ತಿದ್ದಾನೆ. ನಾಲ್ಕು ಎಕರೆಯಲ್ಲಿ ದಾರಿ ತಪ್ಪೋದಿಲ್ಲ ಮಾರಾಯ, ದಿಕ್ಸೂಚಿ ಬೇಡ ಅಂದೆ.

ತಮಾಷೆ ಇರಲಿ, ಅಂಥ ಚಾಕುವಿನಲ್ಲಿ ನಿಜವಾದ ತೊಂದರೆ ಇರೋದು ಹಿಡಿಯಲ್ಲಿ. ಹಿಡಿ ಪೊಳ್ಳಾಗಿದ್ದರೆ ಅಲಗು ಅದರೊಳಗೆ ಒಂದಿಂಚು ಹೋಗಿರುತ್ತೆ, ಅಷ್ಟೇ. ನನ್ನ ಮೊದಲ ಕತ್ತಿಯೂ ಹಾಗೇ. ಸಂತೆಯಲ್ಲಿ ಹೊಳಪು ನೋಡಿ ತಂದಿದ್ದೆ. ಬೇಲಿ ಸವರುವಾಗ ಅಲಗು ಹಿಡಿಯಿಂದ ಕಳಚಿ ಹಾರಿ, ಹಿಂದೆ ಸೊಪ್ಪು ಹೊರೆ ಕಟ್ಟುತ್ತಿದ್ದ ಚಿಕ್ಕಮ್ಮನ ಕಾಲಿನಿಂದ ಒಂದು ಮೊಳ ದೂರದಲ್ಲಿ ನೆಟ್ಟಿತು. ಅವತ್ತು ಅವರು ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆದ್ದರಿಂದ ಮೊದಲು ಹಿಡಿ ನೋಡಿ. ಅಲಗಿನ ಬಾಲ ಹಿಡಿಯ ಉದ್ದಕ್ಕೂ ಹೋಗಿ, ಹಿಂದಿನ ತುದಿಯಲ್ಲಿ ಹೊರಬಂದು ಮಡಚಿರಬೇಕು. ಇಲ್ಲವೇ ಎರಡು ಬದಿಗೂ ಮರದ ಪಟ್ಟಿ ಇಟ್ಟು ಮೊಳೆಯಿಂದ ಬಿಗಿದಿರಬೇಕು. ಅಲಗು ಸೇರುವ ಜಾಗಕ್ಕೆ ಕಬ್ಬಿಣದ ಬಳೆ ಇದ್ದರೆ ಮರ ಸೀಳೋದಿಲ್ಲ. ಪ್ಲಾಸ್ಟಿಕ್ ಹಿಡಿ ಬೆವರಿಗೆ, ಮಳೆಗೆ ಜಾರುತ್ತೆ. ನನ್ನ ಓಟು ಹುಣಸೆಯಂಥ ಗಟ್ಟಿ ಮರಕ್ಕೆ.

ಉಕ್ಕಿನ ವಿಷಯದಲ್ಲಿ ನಮ್ಮ ಕಮ್ಮಾರರನ್ನೇ ನಂಬಬಹುದು. ಅವರು ಹೆಚ್ಚಾಗಿ ಬಳಸೋದು ಹಳೇ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಸುಮಾರು ಅರ್ಧ ಶೇಕಡಾ ಇಂಗಾಲ ಇರೋದರಿಂದ ಹದ ಹಿಡಿಯುತ್ತೆ, ಪೆಟ್ಟೂ ತಾಳುತ್ತೆ. ಬರೀ ಮೆದು ಕಬ್ಬಿಣದ ಪಟ್ಟಿಯಿಂದ ಮಾಡಿದ್ದಕ್ಕೆ ಎಷ್ಟು ಮಸೆದರೂ ಸಂಜೆಗೆ ಮೊಂಡು. ಪರೀಕ್ಷೆ ಸುಲಭ: ಬಾಯಿಯ ಮೇಲೆ ಅರ ಎಳೆಯಿರಿ. ಬೆಣ್ಣೆಯಂತೆ ಕಚ್ಚಿದರೆ ಹದ ಇಲ್ಲ, ಸ್ವಲ್ಪ ಜಾರಿ ಜಾರಿ ಹೋದರೆ ಸರಿ. ಸ್ಟೇನ್‌ಲೆಸ್ ಬೇಕಾ ಅಂತ ಕೇಳ್ತೀರಿ. ತುಕ್ಕು ಕಡಿಮೆ, ನಿಜ. ಆದರೆ ಅಗ್ಗದ ಸ್ಟೇನ್‌ಲೆಸ್ಸಿನಲ್ಲಿ ಹರಿತ ನಿಲ್ಲೋದು ಕಷ್ಟ. ಕೆಲಸ ಮುಗಿದ ಮೇಲೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುವವನಿಗೆ ಕಮಾನು ಪಟ್ಟಿಯೇ ಸಾಕು.

ಉದ್ದಕ್ಕೆ ಆಸೆ ಪಡಬೇಡಿ. ಹೊಸಬರಿಗೆ ಮುಕ್ಕಾಲು ಅಡಿ ಅಲಗು, ಅರ್ಧ ಕೆಜಿ ಆಸುಪಾಸಿನ ತೂಕ ಸಾಕು. ಭಾರ ಜಾಸ್ತಿಯಾದರೆ ಮಧ್ಯಾಹ್ನದ ಹೊತ್ತಿಗೆ ಕೈ ಸೋತು ಏಟು ತಪ್ಪುತ್ತೆ. ಗಾಯಗಳೆಲ್ಲ ಆಗೋದು ಆವಾಗಲೇ. ಎಡಗೈಯವರು ಕೊಳ್ಳುವಾಗಲೇ ಹೇಳಿ, ಬಾಯಿಯ ಇಳಿಜಾರು ಒಂದೇ ಬದಿಗಿರುವ ಕತ್ತಿ ನಿಮಗೆ ಓರೆ ಕಡಿಯುತ್ತೆ.

ಮಸೆಯಲು ಕಲ್ಲು, ನೀರು ಬಳಸಿ. ಗ್ರೈಂಡಿಂಗ್ ಮಷಿನ್‌ಗೆ ಒತ್ತಿ ಹಿಡಿದರೆ ಬಾಯಿ ನೀಲಿ ತಿರುಗುತ್ತೆ. ನೀಲಿ ಬಂತು ಅಂದ್ರೆ ಅಲ್ಲಿಯ ಹದ ಹೋಯ್ತು, ಮತ್ತೆ ಕುಲುಮೆಗೇ ಹೋಗಬೇಕು.

ಇನ್ನೊಂದು ಮಾತು, ರೀಲ್ಸ್ ಮಾಡುವವರಿಗೆ. ಆಯುಧ ಕಾಯ್ದೆಯ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಬರುತ್ತೆ. ಕೃಷಿಗೆಂದೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಆದರೆ ತೋಟದ ಕತ್ತಿಯನ್ನು ಪೇಟೆಯಲ್ಲಿ ಬೀಸಿ ವಿಡಿಯೋ ಹಾಕಿದರೆ ಆ ವಿನಾಯಿತಿ ಕೈ ಹಿಡಿಯೋದಿಲ್ಲ. ಮಚ್ಚು ಹಿಡಿದು ರೀಲ್ಸ್ ಮಾಡಿದವರ ಮೇಲೆ ನಮ್ಮ ರಾಜ್ಯದಲ್ಲೇ ಕೇಸ್ ಆಗಿವೆ. ಬೈಕಿನಲ್ಲಿ ಒಯ್ಯುವಾಗ ಗೋಣಿ ಸುತ್ತಿ ಕಟ್ಟಿ. ಕುಯ್ದುಕೊಂಡರೆ ಅರಿಶಿಣ ಮೆತ್ತಿ ಸುಮ್ಮನಾಗಬೇಡಿ, ಸೋಪು ನೀರಲ್ಲಿ ತೊಳೆದು, ಟಿಟಿ ಇಂಜೆಕ್ಷನ್ ಬೇಕಾ ಅಂತ ಅವತ್ತೇ ಆಸ್ಪತ್ರೆಯಲ್ಲಿ ಕೇಳಿ.

ಹುಡುಗ ಆನ್‌ಲೈನ್ ಆರ್ಡರ್ ಬಿಟ್ಟ. ಆಚಾರ್ರ ಕುಲುಮೆಗೆ ಕರೆದುಕೊಂಡು ಹೋದೆ. ಅವರು ಅವನ ಅಂಗೈ ಹಿಡಿದು ನೋಡಿ, ಬುಧವಾರ ಬಾ ಅಂದಿದ್ದಾರೆ.