ಕಾನಹೊಸಹಳ್ಳಿ ಸುತ್ತಿನ ಕನ್ನಡದಲ್ಲಿ 'ಟ್ರಿಪ್ಪು'

ಇಂಗ್ಲಿಷಿನಲ್ಲಿ ಮೊದಲು ಹಗುರ ಹೆಜ್ಜೆಯನ್ನು, ಬಳಿಕ ಎಡವುವಿಕೆಯನ್ನು, ಅನಂತರವಷ್ಟೇ ಪಯಣವನ್ನು ಸೂಚಿಸಿದ 'ಟ್ರಿಪ್' ಕನ್ನಡದಲ್ಲಿ 'ಬಸ್ಸು'ವಿನಂತೆ ದ್ವಿತ್ವವನ್ನೂ ಉಕಾರವನ್ನೂ ಪಡೆದು 'ಟ್ರಿಪ್ಪು' ಆಗಿದೆ. 'ಟ್ರಿಪ್ಪಿಗೆ ಹೋದರು' ಎಂಬಲ್ಲಿ ಅರ್ಥ ಪ್ರವಾಸವೇ, ಹೆಚ್ಚು ಹೇಳಬೇಕಾದುದಿಲ್ಲ. ಟ್ರ್ಯಾಕ್ಟರ್ ಚಾಲಕರ 'ಮೂರು ಟ್ರಿಪ್ಪು ಮಣ್ಣು' ಮಾತ್ರ ಬೇರೆಯೇ. 'ಮೂರು ಚೀಲ ಶೇಂಗಾ' ಎಂಬಲ್ಲಿನ ಚೀಲದಂತೆ ಇಲ್ಲಿ ಟ್ರಿಪ್ಪು ಬಹುವಚನವಿಲ್ಲದೆ, ವಿಭಕ್ತಿಯಿಲ್ಲದೆ, ಸಂಖ್ಯೆಗೂ ದ್ರವ್ಯವಾಚಿಗೂ ನಡುವೆ ನಿಂತು ಅಳತೆವಾಚಿಯಾಗುತ್ತದೆ. 'ಎರಡು ಗಾಡಿ ಗೊಬ್ಬರ'ದ ಹಳೆಯ ಜಾಡೇ ಇದಕ್ಕೆ ದಾರಿಮಾಡಿರಬೇಕೆಂದು ನಮಗೆ ತೋರುತ್ತದೆ. ಆದರೆ ಗಾಡಿ ಹೊರುವ ವಸ್ತು, ಟ್ರಿಪ್ಪು ಒಂದು ಕ್ರಿಯೆ. 'ಮೂರು ಟ್ರಿಪ್ಪು ಹೊಡೆದೆ' ಎಂದಾಗ ಎಣಿಕೆಯಾಗುವುದು ಮಣ್ಣಲ್ಲ, ಓಡಾಟ. ಬಾಡಿಗೆಯ ಲೆಕ್ಕ ನಿಂತಿರುವುದೂ ಇದರ ಮೇಲೆಯೇ. 'ಟ್ರಿಪ್' ಎಂದರೆ 'ಪ್ರವಾಸ, ಪ್ರಯಾಣ' ಎಂದಷ್ಟೇ ಬರೆದು ಮುಗಿಸುವ ನಿಘಂಟುಕಾರರು 'ಮೂರು ಪ್ರವಾಸ ಮಣ್ಣು' ಎಂದೊಮ್ಮೆ ಉಚ್ಚರಿಸಿ ನೋಡಬೇಕು.